ಹುಟ್ಟುಹಬ್ಬ ಯೇಸುವಿನದು, ಗಿಫ್ಟ್ ಯಾಕೆ ನಮಗೆ?

ಪ್ರಶ್ನೆ: ನನ್ನ ತವರು ಧಾರವಾಡ, ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆಯ ಮನೆತನ. ಗಂಡ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಇರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಇಷ್ಟು ವರ್ಷ ಕ್ರಿಸ್ಮಸ್‌ಗೆ ಮಂಗಳೂರಿಗೆ ಹೋಗುತ್ತಿದ್ದೆವು, ಎಲ್ಲ ಅತ್ತೆಯೇ ಮಾಡುತ್ತಿದ್ದರು. ಈ ಸಲ ಅವರಿಗೆ ಮಂಡಿ ಆಪರೇಷನ್ ಆಗಿದೆ, ‘ನೀವು ಅಲ್ಲೇ ಮಾಡಿಕೊಳ್ಳಿ’ ಅಂದಿದ್ದಾರೆ. ನನಗೆ ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯುತ್ತಿಲ್ಲ. ಮಕ್ಕಳಿಗೆ ಕ್ರಿಸ್ಮಸ್ ಅಂದರೆ ಮಾಲ್, ಸಾಂಟಾ, ಕೇಕ್ ಅಷ್ಟೇ ಆಗಿದೆ. ಹೋದ ವರ್ಷ ಮಗ ‘ಬರ್ತ್‌ಡೇ ಯೇಸುದು, ಗಿಫ್ಟ್ ಯಾಕೆ ನಮಗೆ’ ಅಂತ ಕೇಳಿದ, ನಾನು ಸುಮ್ಮನಾದೆ. ಯಾರ ಮನೆಯ ಪದ್ಧತಿ ಹಿಡಿಯಲಿ? ಇಬ್ಬರಿಗೂ ಆಫೀಸ್ ಇದೆ, ಸಮಯ ಕಡಿಮೆ.

ಉತ್ತರ: ತಂಗಿ, ನಿಮ್ಮ ಮಗನ ಪ್ರಶ್ನೆ ಓದಿ ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾ ಕೂತೆ. ಮೂವತ್ತು ವರ್ಷ ನಮ್ಮ ಚರ್ಚಿನಲ್ಲಿ ದೊತೊರ್ನ್ ಕ್ಲಾಸ್ ತೆಗೆದುಕೊಂಡವಳು ನಾನು. ದೊತೊರ್ನ್ ಅಂದರೆ ಮಕ್ಕಳ ಧರ್ಮಪಾಠ, ನಿಮ್ಮ ಯಜಮಾನರನ್ನು ಕೇಳಿ, ಭಾನುವಾರ ಬೆಳಗ್ಗೆ ಎಬ್ಬಿಸಿ ಕಳಿಸುತ್ತಿದ್ದದ್ದು ಅವರಿಗೆ ನೆನಪಿರುತ್ತದೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳು ಮೂರೋ ನಾಲ್ಕೋ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಮಯದ ವಿಷಯ. ಸಮಯ ಕಡಿಮೆ ಅಂತೀರಿ. ಆದರೆ ಹೆಚ್ಚಿನ ಮನೆಗಳಲ್ಲಿ ಆಗುವ ಎಡವಟ್ಟು ಏನೆಂದರೆ, ಇಡೀ ಹಬ್ಬವನ್ನು 24 ಮತ್ತು 25ಕ್ಕೆ ತುರುಕುತ್ತಾರೆ. ಆ ಎರಡು ದಿನ ಅಡುಗೆ, ಬಟ್ಟೆ, ಚರ್ಚ್, ನೆಂಟರು, ಫೋಟೋ. ಮಕ್ಕಳಿಗೆ ಗಲಾಟೆ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ನಮ್ಮ ಹಿರಿಯರು ಹಾಗೆ ಮಾಡುತ್ತಿರಲಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಇದೆಯಲ್ಲ, ಹಬ್ಬದ ಅರ್ಧ ಅದರಲ್ಲೇ ಮುಗಿಯುತ್ತಿತ್ತು. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರಕ್ಕೆ ಅದು ಶುರು. ಆ ವಾರದಿಂದ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು, ಒಂದೇ ದಿನ ಹತ್ತು ಗಂಟೆ ಕೊಡುವುದು ಬೇಡ. ಹಬ್ಬ ದೊಡ್ಡದಾಗುವುದು ಬೇಡ, ಬೇಗ ಶುರುವಾಗಲಿ. ಮಕ್ಕಳಿಗೆ ಕಾಯುವುದು ಗೊತ್ತಾದರೆ ಯಾರಿಗಾಗಿ ಕಾಯುತ್ತಿದ್ದೇವೆ ಅಂತ ಅವರೇ ಕೇಳುತ್ತಾರೆ.

ಇನ್ನು ಯಾರ ಮನೆಯ ಪದ್ಧತಿ ಅನ್ನುವ ಪ್ರಶ್ನೆ. ಇಲ್ಲಿ ನಿಮಗೊಂದು ತಮಾಷೆ ಹೇಳಬೇಕು. ಎಲೆಗಳ ಸುತ್ತು ಮಾಡಿ ವಾರಕ್ಕೊಂದು ಮೇಣದಬತ್ತಿ ಹಚ್ಚುವ ಪದ್ಧತಿ ಈಗ ಬಹಳಷ್ಟು ಕ್ಯಾಥೊಲಿಕ್ ಚರ್ಚುಗಳಲ್ಲೂ ಇದೆ. ಅದು ಹುಟ್ಟಿದ್ದು ಮಾತ್ರ ನಿಮ್ಮ ಕಡೆಯವರಲ್ಲಿ, ಪ್ರಾಟೆಸ್ಟಂಟರಲ್ಲಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಶರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಮನೆ ನಡೆಸುತ್ತಿದ್ದರು. ಮಕ್ಕಳು ದಿನಾ ‘ಕ್ರಿಸ್ಮಸ್ ಬಂತಾ, ಬಂತಾ’ ಅಂತ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಒಂದು ಗಾಡಿಚಕ್ರ ತೆಗೆದುಕೊಂಡು ಅದರ ಮೇಲೆ ಮೇಣದಬತ್ತಿ ಇಟ್ಟರು. ವಾರದ ದಿನಗಳಿಗೆ ಸಣ್ಣವು, ಭಾನುವಾರಗಳಿಗೆ ನಾಲ್ಕು ದೊಡ್ಡವು. ಎಣಿಸಿಕೊಳ್ಳಿ, ನನ್ನ ತಲೆ ತಿನ್ನಬೇಡಿ ಅಂತ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಬಂದದ್ದು ನಿಮ್ಮ ಗಂಡನ ಕಡೆಯಿಂದ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ, ನಿಜವಾದ ಎತ್ತು, ಕತ್ತೆ ತರಿಸಿ ನಿಲ್ಲಿಸಿದ. ಊರಿನವರು ಪಂಜು ಹಿಡಿದು ನೋಡಲು ಬಂದರು. ‘ಸೈಲೆಂಟ್ ನೈಟ್’ ಹಾಡನ್ನು 1818ರಲ್ಲಿ ಮೊದಲು ಹಾಡಿದ್ದು ಆಸ್ಟ್ರಿಯಾದ ಒಂದು ಸಣ್ಣ ಕ್ಯಾಥೊಲಿಕ್ ಚರ್ಚಿನಲ್ಲಿ, ಗಿಟಾರ್ ಜೊತೆಗೆ. ಈಗ ನಿಮ್ಮ ಸಭೆಯಲ್ಲಿ ಅದಿಲ್ಲದೆ ಕ್ರಿಸ್ಮಸ್ ಆಗುತ್ತದಾ? ಇನ್ನು ಕನ್ನಡದಲ್ಲಿ ಹಾಡುವ ಎಷ್ಟೋ ಹಳೆಯ ಕೀರ್ತನೆಗಳು ಬಾಸೆಲ್ ಮಿಶನ್‌ನವರ ಕೈಯಿಂದ ಬಂದವು. ಅವರು ಮೊದಲು ನೆಲೆಯೂರಿದ್ದು 1834ರಲ್ಲಿ, ನಿಮ್ಮ ಅತ್ತೆಯ ಮಂಗಳೂರಿನಲ್ಲಿ. ಧಾರವಾಡಕ್ಕೆ ಬಂದದ್ದು ಅದರ ಮೂರು ವರ್ಷದ ಮೇಲೆ. ಹೀಗಾಗಿ ಯಾರ ಪದ್ಧತಿ ಅಂತ ಜಗಳ ಆಡಲು ಹೋದರೆ ಇಬ್ಬರ ಕೈಗೂ ಏನೂ ಸಿಗುವುದಿಲ್ಲ ಮಾರಾಯ್ತಿ. ಮೇಣದಬತ್ತಿ ನೀವು ಹಚ್ಚಿ, ಗೋದಲಿ ಅವರು ಕಟ್ಟಲಿ.

ಮೇಣದಬತ್ತಿಗೆ ಆನ್‌ಲೈನಿನಲ್ಲಿ ಏನೇನೋ ಸೆಟ್ ಸಿಗುತ್ತದೆ, ಅದರ ಹಿಂದೆ ಬೀಳಬೇಡಿ. ಒಂದು ಸ್ಟೀಲ್ ತಟ್ಟೆ, ನಾಲ್ಕು ಮೇಣದಬತ್ತಿ, ಸುತ್ತ ಯಾವುದಾದರೂ ಹಸಿರು ಎಲೆ. ಚರ್ಚಿನಲ್ಲಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇರುತ್ತವೆ. ಗುಲಾಬಿ ಮೂರನೇ ಭಾನುವಾರದ್ದು, ಅದು ಸಂತೋಷದ ಭಾನುವಾರ. ಬಿಳಿಯವೇ ಸಿಕ್ಕರೆ ಬಿಳಿಯವೇ ಆಗಲಿ. ರಾತ್ರಿ ಊಟಕ್ಕೆ ಮುಂಚೆ ಲೈಟ್ ಆರಿಸಿ, ಬತ್ತಿ ಹಚ್ಚಿ, ಒಂದು ಸಣ್ಣ ಪ್ರಾರ್ಥನೆ ಮಾಡಿ, ಒಂದು ಹಾಡು ಹಾಡಿ. ನಿಮ್ಮ ತವರಿನಲ್ಲಿ ಕುಟುಂಬ ಪ್ರಾರ್ಥನೆ ಇದ್ದೇ ಇರುತ್ತದೆ, ಅವರ ಮನೆಯಲ್ಲಿ ಸಂಜೆ ತೇರ್ಸ್, ಜಪಮಾಲೆಯ ಪ್ರಾರ್ಥನೆ, ಇರುತ್ತದೆ. ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಹೋಗಿ ಕೈ ಜೋಡಿಸಿ ಬೆಸಾಂವ್ ಕೇಳುತ್ತಾರಲ್ಲ, ಆಶೀರ್ವಾದ, ಅದನ್ನು ಮಾತ್ರ ಬಿಡಬೇಡಿ. ಅಜ್ಜಿ ದೂರ ಇದ್ದಾರೆ ಅಂದರೆ ಫೋನಿನಲ್ಲೇ ಕೇಳಲಿ. ಮಗ ಒಂದು ವಾರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಲಿ, ಇನ್ನೊಂದು ವಾರ ಅದನ್ನೇ ಕೊಂಕಣಿಯಲ್ಲಿ ‘ಆಮ್ಚ್ಯಾ ಬಾಪಾ’ ಅಂತ ಹೇಳಲಿ. ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಹೇಗೂ ಕಲಿಯುತ್ತಾನೆ, ಆ ಚಿಂತೆ ಬೇಡ.

ಬತ್ತಿ ಊದಿ ಆರಿಸುವುದು ಯಾರು ಅಂತ ಜಗಳ ಆಗುತ್ತದೆ. ಆಗೇ ಆಗುತ್ತದೆ. ನನ್ನ ಮಕ್ಕಳು ಪ್ರಾರ್ಥನೆಯ ಆಮೆನ್‌ಗಿಂತ ಮೊದಲೇ ಊದಿದ್ದುಂಟು.

ಗೋದಲಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮಕ್ಕಳಿಗೆ ಇದರಷ್ಟು ಕಲಿಸುವ ವಸ್ತು ಬೇರೆ ಇಲ್ಲ. ರೆಡಿಮೇಡ್ ಸೆಟ್ ತಂದು ಟಿವಿ ಪಕ್ಕ ಇಟ್ಟು ವೈರ್ ಚುಚ್ಚಿದರೆ ಅದು ಶೋಪೀಸ್ ಆಗಿಹೋಗುತ್ತದೆ. ಗೊಂಬೆಗಳನ್ನು ಬೇಕಾದರೆ ಕೊಳ್ಳಿ, ಶಿವಾಜಿನಗರದ ಕಡೆ ಡಿಸೆಂಬರಿನಲ್ಲಿ ಧಾರಾಳ ಸಿಗುತ್ತವೆ. ಕೊಟ್ಟಿಗೆ ಮಾತ್ರ ಮನೆಯಲ್ಲೇ ಕಟ್ಟಿ. ಶೂ ಡಬ್ಬ, ತೆಂಗಿನ ನಾರು, ಒಣಹುಲ್ಲು, ಬೆಟ್ಟಕ್ಕೆ ಮುದ್ದೆ ಮಾಡಿದ ಕಂದು ಕಾಗದ. ಡಿಸೆಂಬರ್ 14-15ರ ಹೊತ್ತಿಗೆ ಎರಡು ಹಳೆಯ ತಟ್ಟೆಗೆ ತೆಳ್ಳಗೆ ಮಣ್ಣು ಹಾಕಿ ರಾಗಿ ಬಿತ್ತಿ. ನಮ್ಮಲ್ಲಿ ಭತ್ತ ಬಿತ್ತುತ್ತೇವೆ, ನಿಮಗೆ ಅಲ್ಲಿ ರಾಗಿ ಸುಲಭ. ದಿನಾ ನೀರು ಚಿಮುಕಿಸುವ ಕೆಲಸ ಮಗಳದ್ದು. ಹತ್ತು ದಿನದಲ್ಲಿ ಬೆರಳುದ್ದ ಹಸಿರು ಬರುತ್ತದೆ. ಅದೇ ಕುರುಬರ ಹೊಲ, ಕುರಿ ಅದರಲ್ಲೇ ನಿಲ್ಲುತ್ತದೆ. ನೀರು ಜಾಸ್ತಿ ಸುರಿದು ಕೊಳೆಸಿದರೆ ಇನ್ನೊಂದು ತಟ್ಟೆ ಇದೆ, ಅದಕ್ಕೇ ಎರಡು ಅಂದದ್ದು.

ನಕ್ಷತ್ರವೂ ಮನೆಯಲ್ಲೇ ಆದರೆ ಚೆನ್ನ. ನಮ್ಮೂರಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವ ಹುಡುಗರೇ ಕ್ರಿಸ್ಮಸ್‌ಗೆ ನಕ್ಷತ್ರವನ್ನೂ ಕಟ್ಟುತ್ತಿದ್ದರು. ಅದೇ ಬಿದಿರು ಕಡ್ಡಿ, ಅದೇ ಬಣ್ಣದ ಕಾಗದ, ಅದೇ ಅಂಟು.

ಈಗ ಮುಖ್ಯ ಮಾತು. 24ರ ರಾತ್ರಿವರೆಗೆ ಗೋದಲಿ ಖಾಲಿ ಇರಲಿ. ಮರಿಯಮ್ಮ, ಜೋಸೆಫ್, ಎತ್ತು, ಕತ್ತೆ ಎಲ್ಲ ಇರಲಿ, ಬಾಲಯೇಸು ಮಾತ್ರ ಬೇಡ. ಮಗು ಎಲ್ಲಿ ಅಂತ ನಾಲ್ಕು ವರ್ಷದವಳು ಕೇಳುತ್ತಾಳೆ. ‘ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ’ ಅನ್ನಿ. ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಆ ಖಾಲಿ ಜಾಗ ಹೆಚ್ಚು ಕಲಿಸಿದೆ. ಗೊಂಬೆಯನ್ನು ಮಕ್ಕಳಿಗೆ ಸಿಗದ ಹಾಗೆ ಬಚ್ಚಿಡಿ, ನಿಮಗೆ ಸಿಗುವ ಹಾಗೂ ಇಡಿ. ಒಂದು ವರ್ಷ ನಾನು ಎಲ್ಲಿಟ್ಟೆ ಅಂತ ನನಗೇ ಮರೆತುಹೋಗಿ, 24ರ ರಾತ್ರಿ ಹನ್ನೊಂದಕ್ಕೆ ಮನೆಯೆಲ್ಲ ಜಾಲಾಡಿ, ಕೊನೆಗೆ ಬಿಳಿ ಕರವಸ್ತ್ರ ಸುತ್ತಿ ಮಲಗಿಸಿದ್ದೆವು. ಬಾಲಯೇಸು ಅಕ್ಕಿ ಡಬ್ಬದಲ್ಲಿ ಸಿಕ್ಕಿದ್ದು ಜನವರಿಯಲ್ಲಿ, ಮೂವರು ರಾಜರ ಹಬ್ಬದ ಹೊತ್ತಿಗೆ.

ಒಂದು ಎಚ್ಚರಿಕೆ ಹೇಳುತ್ತೇನೆ. ಒಳ್ಳೆಯ ಕೆಲಸ ಮಾಡಿದಾಗೆಲ್ಲ ಗೋದಲಿಗೆ ಒಂದು ಹುಲ್ಲುಕಡ್ಡಿ ಹಾಕಿಸುವ ಪದ್ಧತಿ ಎಲ್ಲೋ ಓದಿ ನಾನೂ ಕ್ಲಾಸಿನಲ್ಲಿ ಶುರು ಮಾಡಿದ್ದೆ. ಒಂದೇ ವಾರಕ್ಕೆ ‘ಟೀಚರ್, ನನ್ನದು ಹನ್ನೆರಡು, ಅವಳದ್ದು ಬರೀ ಐದು’ ಅಂತ ಲೆಕ್ಕ ಶುರುವಾಯಿತು. ಒಬ್ಬ ಹುಡುಗನಂತೂ ಮನೆಯಿಂದಲೇ ಒಂದು ಹಿಡಿ ಹುಲ್ಲು ತಂದಿದ್ದ. ಬಿಟ್ಟುಬಿಟ್ಟೆ. ಕೆಲವು ಮನೆಗಳಲ್ಲಿ ಚೆನ್ನಾಗಿ ನಡೆಯುತ್ತದಂತೆ, ನನ್ನ ಕೈಯಲ್ಲಿ ನಡೆಯಲಿಲ್ಲ.

ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಬಗ್ಗೆ ನಿಮಗೆ ಭಯ ಇದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ನೆವ್ರಿ, ಕಿಡಿಯೊ, ತುಕ್ಡಿ, ಗುಳಿಯೊ, ಕೊಕಿಸಾಂ, ಎಳ್ಳುಂಡೆ, ಬಾಳೆಹಣ್ಣಿನ ಹಲ್ವ, ಚಕ್ಕುಲಿ, ಅದರ ಮೇಲೆ ಕೇಕು. ಇವನ್ನೆಲ್ಲ ಅತ್ತೆ ಒಬ್ಬರೇ ಮಾಡಿದ್ದಲ್ಲ, ಅವರ ಕಾಲದಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರು ಸೇರಿ ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಅಂತ ವಾರಗಟ್ಟಲೆ ಕೂತು ಮಾಡುತ್ತಿದ್ದರು. ನೀವು ಎರಡೇ ಮಾಡಿ. ಉಳಿದದ್ದು ಅಂಗಡಿಯಿಂದ ತನ್ನಿ, ಯಾವ ಸಂತರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡರಲ್ಲಿ ಒಂದು ಕಿಡಿಯೊ. ಮೈದಾಕ್ಕೆ ಮೊಟ್ಟೆ, ತೆಂಗಿನ ಹಾಲು, ಚೂರು ಉಪ್ಪು, ಸ್ವಲ್ಪ ಸಕ್ಕರೆ ಹಾಕಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ. ಗೋಲಿಯಷ್ಟು ಉಂಡೆ ತೆಗೆದು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ನಮ್ಮಲ್ಲಿ ಹೊಸ ಬಾಚಣಿಗೆ ಇದಕ್ಕೇ ಅಂತ ತೆಗೆದಿಡುತ್ತಿದ್ದರು. ಒತ್ತುವ ಕೆಲಸ ಪೂರ್ತಿ ಮಕ್ಕಳದ್ದು, ಕರಿಯುವುದು ನಿಮ್ಮದು. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳಗಳು. ಇದನ್ನು ಹೇಳಿಬಿಡಿ, ಆಮೇಲೆ ಮಗನನ್ನು ಅಡುಗೆಮನೆಯಿಂದ ಎಬ್ಬಿಸುವುದು ಕಷ್ಟ.

ಇನ್ನೊಂದು ನೆವ್ರಿ. ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ನಿಮ್ಮಮ್ಮ ಮಾಡುವ ಕರ್ಚಿಕಾಯಿಯ ತಂಗಿ ಅದು. ಒಳಗಿನ ಹೂರಣ ಬೇರೆ ಅಷ್ಟೇ. ಅಲ್ಲಿ ಪುಟಾಣಿ, ಕೊಬ್ಬರಿ, ಗಸಗಸೆ. ಇಲ್ಲಿ ಎಳ್ಳು, ತೆಂಗಿನಕಾಯಿ, ಗೋಡಂಬಿ, ಒಣದ್ರಾಕ್ಷಿ. ಎರಡನ್ನೂ ಹತ್ತತ್ತು ಮಾಡಿ ಒಂದೇ ತಟ್ಟೆಯಲ್ಲಿಡಿ, ಯಾವುದು ಯಾವುದು ಅಂತ ಮಕ್ಕಳು ಕಚ್ಚಿ ನೋಡಿ ಹೇಳಲಿ.

ತಟ್ಟೆ ಹೋಗುವ ಮನೆಗಳ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಕುಸ್ವಾರ್ ತಟ್ಟೆಗೆ ಕ್ರೋಶಾ ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ಕಳಿಸುತ್ತಾರೆ. ಅವರು ಖಾಲಿ ತಟ್ಟೆ ವಾಪಸ್ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಮಕ್ಕಳೇ ಬೆಲ್ ಒತ್ತಿ ಕೊಟ್ಟು ಬರಲಿ. ಮೊದಲ ತಟ್ಟೆ ವಾಚ್‌ಮನ್‌ಗೆ, ಎರಡನೆಯದು ಕಸ ತೆಗೆದುಕೊಂಡು ಹೋಗುವವರಿಗೆ ಹೋಗಲಿ. ಲೂಕನ ಸುವಾರ್ತೆಯಲ್ಲಿ ದೇವದೂತರು ಮೊದಲು ಸುದ್ದಿ ಹೇಳಿದ್ದು ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಊರು ಮಲಗಿದಾಗ ಎಚ್ಚರ ಇದ್ದವರು ಅವರೇ ತಾನೇ? ಹಾಗೆ ನೋಡಿದರೆ ನೈಟ್ ಡ್ಯೂಟಿಯವರಿಗೆ ಮೊದಲ ತಟ್ಟೆ ಹೋಗುವುದು ನ್ಯಾಯ.

ಇಲ್ಲಿಗೆ ಮಗನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು ಅಲ್ವಾ. ಇನ್ನರ್ಧ ಹೀಗೆ ಹೇಳಿ: ‘ಯೇಸುವಿಗೆ ಗಿಫ್ಟ್ ಕೊಡಬೇಕು ಅಂದ್ರೆ ಎಲ್ಲಿ ಕೊಡೋದು? ಬಡವರಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅಂತ ಅವರೇ ಹೇಳಿದ್ದಾರೆ.’ ಮತ್ತಾಯನ 25ನೇ ಅಧ್ಯಾಯದಲ್ಲಿದೆ, ತೆಗೆದು ಓದಿಸಿ. ಆಮೇಲೆ ಅವನ ಆಟಿಕೆಗಳಲ್ಲಿ ಒಂದನ್ನು ಅವನೇ ಆರಿಸಿ ಕೊಡಲಿ. ಚಕ್ರ ಹೋದ ಕಾರು ಕೊಡಲು ಬಂದರೆ ಸುಮ್ನೆ ಒಂದು ಮಾತು ಕೇಳಿ, ‘ನಿನ್ನ ಬರ್ತ್‌ಡೇಗೆ ಯಾರಾದರೂ ಇದನ್ನು ಕೊಟ್ಟರೆ?’ ಅಂತ. ಕೊಡುವಾಗ ಫೋಟೋ ತೆಗೆಯಬೇಡಿ, ದಯವಿಟ್ಟು. ಅವನಿಗೆ ಬರುವ ಗಿಫ್ಟ್ ನಿಲ್ಲಿಸುವುದೂ ಬೇಡ, ಒಂದು ಸಾಕು. ಏಳು ವರ್ಷದ ಹುಡುಗನನ್ನು ಸನ್ಯಾಸಿ ಮಾಡಲು ಹೋಗಬೇಡಿ.

ಸಾಂಟಾನ ಮೇಲೆ ನಿಮಗೆ ಸಿಟ್ಟು ಇದ್ದ ಹಾಗಿದೆ. ನನಗೆ ಅಷ್ಟಿಲ್ಲ. ಕೆಂಪು ಕೋಟಿನ ಹಿಂದೆ ಒಬ್ಬ ನಿಜವಾದ ಮನುಷ್ಯ ಇದ್ದಾನೆ, ನಾಲ್ಕನೇ ಶತಮಾನದ ಬಿಷಪ್ ನಿಕೋಲಸ್, ಈಗಿನ ಟರ್ಕಿಯ ಮೈರಾ ಊರಿನವನು. ವರದಕ್ಷಿಣೆಗೆ ಹಣ ಇಲ್ಲದೆ ಮದುವೆ ನಿಂತಿದ್ದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಕದ್ದು ಬಂದು ಚಿನ್ನದ ಗಂಟು ಎಸೆದು ಹೋದ ಅಂತ ಅವನ ಬಗ್ಗೆ ಕಥೆ ಇದೆ. ವರದಕ್ಷಿಣೆಯ ಕಥೆ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇಜಾರಿನ ಸಂಗತಿ ಅದು. ಅವನ ಹಬ್ಬ ಡಿಸೆಂಬರ್ 6. ಸಾಂಟಾನನ್ನು ಅವತ್ತಿಗೇ ಮುಗಿಸಿಬಿಡಿ. ರಾತ್ರಿ ಚಪ್ಪಲಿಯಲ್ಲಿ ಎರಡು ಚಾಕಲೇಟ್ ಇಡಿ, ಕಥೆ ಹೇಳಿ. 25 ಯೇಸುವಿಗೆ ಉಳಿಯುತ್ತದೆ.

ಚರ್ಚಿನ ವಿಷಯಕ್ಕೆ ಬರೋಣ. ಇದನ್ನು ಜನ ಕೇಳಲು ಸಂಕೋಚ ಪಡುತ್ತಾರೆ, ನೀವೂ ಕೇಳಿಲ್ಲ, ಆದರೆ ಹೇಳಿಬಿಡುತ್ತೇನೆ. ಕ್ಯಾಥೊಲಿಕ್ ಬಲಿಪೂಜೆಗೆ, ಅಂದರೆ ಮಾಸ್‌ಗೆ, ನೀವು ಧಾರಾಳವಾಗಿ ಹೋಗಬಹುದು, ಹಾಡಬಹುದು, ಪ್ರಾರ್ಥಿಸಬಹುದು. ಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕಮ್ಯುನಿಯನ್) ಮಾತ್ರ ಸಾಮಾನ್ಯವಾಗಿ ಕ್ಯಾಥೊಲಿಕರಿಗಷ್ಟೇ. ಸಿಎಸ್‌ಐಯಲ್ಲಿ ಬೇರೆ ಸಭೆಯವರನ್ನೂ ಕರ್ತನ ಮೇಜಿಗೆ, ಅಂದರೆ ಅವರ ಕಮ್ಯುನಿಯನ್‌ಗೆ, ಕರೆಯುತ್ತಾರೆ, ಆದರೆ ನಿಮ್ಮ ಗಂಡ ಅಲ್ಲಿ ತೆಗೆದುಕೊಳ್ಳುವುದಕ್ಕೆ ಅವರ ಚರ್ಚಿನ ನಿಯಮ ಒಪ್ಪುವುದಿಲ್ಲ. ಇದು ನೋವಿನ ವಿಷಯವೇ. ಹಬ್ಬದ ರಾತ್ರಿ ಸಾಲಿನಲ್ಲಿ ನಿಂತು ಮುಜುಗರ ಪಡುವ ಬದಲು ಮೊದಲೇ ಫಾದರ್ ಹತ್ತಿರ ಮಾತಾಡಿ. ಎದೆಯ ಮೇಲೆ ಕೈ ಅಡ್ಡ ಕಟ್ಟಿ ಮುಂದೆ ಹೋದರೆ ಆಶೀರ್ವಾದ ಕೊಡುವ ರೂಢಿ ಬಹಳ ಕಡೆ ಇದೆ. ನನಗೆ ಗೊತ್ತಿರುವ ಇಂಥ ಮನೆಗಳವರು 24ರ ರಾತ್ರಿ ಬಲಿಪೂಜೆಗೆ, 25ರ ಬೆಳಗ್ಗೆ ಸಿಎಸ್‌ಐ ಆರಾಧನೆಗೆ ಹೋಗುತ್ತಾರೆ, ನಾಲ್ಕೂ ಜನ ಎರಡೂ ಕಡೆ. ಬೆಂಗಳೂರಿನಲ್ಲಿ ನಿಮಗೆ ಅನುಕೂಲವೂ ಇದೆ, ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆ ಸಿಗುತ್ತದೆ. ನಡುರಾತ್ರಿಯ ಪೂಜೆಯೇ ಆಗಬೇಕು ಅಂತ ಹಟ ಬೇಡ. ಈಗ ಮಂಗಳೂರಿನಲ್ಲೇ ಬಹಳ ಚರ್ಚುಗಳಲ್ಲಿ ಸಂಜೆ ಏಳು ಏಳೂವರೆಗೇ ಶುರು ಮಾಡುತ್ತಾರೆ. ನಾಲ್ಕು ವರ್ಷದ ಮಗು ಹೆಗಲ ಮೇಲೆ ನಿದ್ದೆ ಹೋದರೆ ಹೋಗಲಿ, ಗೋದಲಿಯ ಮಗುವೂ ಮಲಗಿಯೇ ಇತ್ತು.

ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಊಟಕ್ಕೆ ಮುಂಚೆ ಲೂಕ 2ನೇ ಅಧ್ಯಾಯದ ಮೊದಲ 20 ವಚನ ಓದಿ. ಐದು ನಿಮಿಷವೂ ಬೇಡ. ಮಗನೇ ಓದಲಿ, ತಡವರಿಸಿದರೂ ಪರವಾಗಿಲ್ಲ. ‘ಗೋದಲಿಯಲ್ಲಿ ಮಲಗಿಸಿದಳು’ ಅನ್ನುವಲ್ಲಿಗೆ ಬಂದಾಗ ಮಗಳು ಬಾಲಯೇಸುವನ್ನು ತಂದು ಇಡಲಿ. ಆಮೇಲೆ ಸಾನ್ನಾ, ಬಫಾತ್, ಏನಿದೆಯೋ ಅದು. ಇನ್ನೊಂದು ದಿನ ಒಂದು ಆಟ ಆಡಿಸಿ: ಲೂಕನಲ್ಲಿ ಎತ್ತು ಕತ್ತೆ ಎಲ್ಲಿವೆ, ಹುಡುಕಲಿ. ಸಿಗುವುದಿಲ್ಲ. ಅವು ಯೆಶಾಯನ ಪುಸ್ತಕದ ಒಂದು ಮಾತಿನಿಂದ ಕೊಟ್ಟಿಗೆಗೆ ಬಂದವು. ಮತ್ತಾಯನಲ್ಲಿ ಜ್ಞಾನಿಗಳು ಮೂವರು ಅಂತಲೂ ಇಲ್ಲ. ಇರುವುದು ಮೂರು ಕಾಣಿಕೆ, ಬಂಗಾರ, ಧೂಪ, ರಕ್ತಬೋಳ. ಅವರು ಬಂದದ್ದು ಕೊಟ್ಟಿಗೆಗಲ್ಲ, ಮನೆಗೆ. ಇದರಿಂದ ಮಕ್ಕಳ ನಂಬಿಕೆ ಕದಲುತ್ತದೆ ಅಂತ ಹೆದರಬೇಡಿ, ಬೈಬಲ್ ತೆರೆದು ನೋಡುವ ಅಭ್ಯಾಸ ಬರುತ್ತದೆ.

ನಾವು ಮೂವರು ರಾಜರು ಅನ್ನುವ ಆ ಜ್ಞಾನಿಗಳನ್ನು 25ಕ್ಕೇ ಗೋದಲಿಯಲ್ಲಿ ನಿಲ್ಲಿಸಬೇಡಿ. ಮನೆಯ ಇನ್ನೊಂದು ತುದಿಯಲ್ಲಿ, ಫ್ರಿಜ್ ಮೇಲೋ ಪುಸ್ತಕದ ಕಪಾಟಿನಲ್ಲೋ ಒಂಟೆ ಸಮೇತ ಇಡಿ. ದಿನಕ್ಕೆ ಒಂದಡಿ ಮುಂದೆ ಸರಿಸುತ್ತಾ ಜನವರಿ 6ಕ್ಕೆ ತಲುಪಲಿ. 26ಕ್ಕೇ ಟ್ರೀ ಬಿಚ್ಚುವ ಅವಸರ ಇದರಿಂದ ತಪ್ಪುತ್ತದೆ. ಕೆಲಸದವರು ಒರೆಸುವಾಗ ಎತ್ತಿ ಬೇರೆಲ್ಲೋ ಇಟ್ಟರೆ ದಾರಿ ತಪ್ಪಿದರು ಅಂತ ಹೇಳಿ, ಹೇಗೂ ಯೆರೂಸಲೇಮಿಗೆ ಹೋಗಿ ದಾರಿ ಕೇಳಿದವರೇ ಅಲ್ವಾ ಅವರು.

ಕೊನೆಗೆ ಅತ್ತೆ. ‘ನೀವು ಅಲ್ಲೇ ಮಾಡಿಕೊಳ್ಳಿ’ ಅಂದ ಮಾತ್ರಕ್ಕೆ ಅವರು ನಿಶ್ಚಿಂತರಾಗಿದ್ದಾರೆ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಡಿಸೆಂಬರಿನಲ್ಲಿ ಎಣ್ಣೆ ಬಾಣಲೆ ಮುಂದೆ ಕೂತವರು ಈಗ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾರೆ. ನೆವ್ರಿ ಮಾಡುವ ದಿನ ಫೋನ್ ಮಾಡಿ ಅಳತೆ ಕೇಳಿ. ‘ಅಂದಾಜಿಗೆ ಹಾಕು’ ಅಂತಾರೆ, ನಮ್ಮ ಕಾಲದವರೆಲ್ಲ ಹಾಗೇ. ಅದಕ್ಕೇ ವಿಡಿಯೋ ಕಾಲ್ ಮಾಡಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡಿ, ಹಿಟ್ಟು ತೋರಿಸಿ. ‘ಇನ್ನೂ ನಾದಬೇಕು’ ಅಂತ ಅಲ್ಲಿಂದ ಬೈದರೆ ಬೈಸಿಕೊಳ್ಳಿ. ಮಗ ಪಕ್ಕದಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಅಜ್ಜಿ ಕೊಂಕಣಿಯಲ್ಲಿ ಹೇಳಿದ್ದನ್ನು ಅವನಿಗೆ ಬಂದ ಹಾಗೆ ಕನ್ನಡದಲ್ಲಿ. ಮೊದಲ ಘಾಣ ಬಿರಿದು ಎಣ್ಣೆಯೆಲ್ಲ ಹೂರಣ ಆಗುತ್ತದೆ. ಎರಡನೆಯದು ಸರಿ ಬರುತ್ತದೆ.